ಗೋಸುಂಬೆಯ ಅಹವಾಲು

ಮನುಷ್ಯನು ಸಾಯತಕ್ಕವನೆಂಬ ನಿರ್ಣಯವು ತುಗೇಲಾ ನದೀತೀರದಲ್ಲಿ ನಾವು ಸಭೆ ಸೇರುವ ದನದ ದೊಡ್ಡಿಯಲ್ಲಿ, ಯಾರೊಬ್ಬರ ಆಕ್ಷೇಪಣೆಯೂ ಇಲ್ಲದೆ, ಕ್ರಮಬದ್ಧವಾಗಿಯೇ ಅಂಗೀಕೃತವಾಯಿತು. ನಮ್ಮ ಪೂರ್ವಿಕರು ಅವಸರದಿಂದ ಮೋಸಹೋದರೆಂದು ಆಡಿಕೊಳ್ಳುವವರಿದ್ದಾರೆ. ಅದು ಸುಳ್ಳು, ಅವರು ವಿಚಾರಮಾಡಿಯೇ ಮೋಸಹೋದರು.

ನಮ್ಮಲ್ಲಿ ದೂತನೊಬ್ಬನು ತಂದ ಮಾತಿಗೆ ಸಭೆಯು ಜೋಳದ ಹೆಂಡವನ್ನು ಕುಡಿದರೆ ಆ ಮಾತನ್ನು ಒಪ್ಪಿದಂತೆ. ವಿಷಯವೊಂದು ಮುಂದಿಲ್ಲದೆ ಗಡಿಗೆಯ ಮುಚ್ಚಳವನ್ನು ತೆಗೆಯುವಂತಿಲ್ಲ. ಆ ದಿನ ಹೆಂಡವು ಹದಕ್ಕೆ ಬಂದಿತ್ತು, ವಿಷಯವು ಬಂದಿರಲಿಲ್ಲ.

ನಮ್ಮನ್ನು ಹುಟ್ಟಿಸಿದ, ಎಲ್ಲರಿಗಿಂತ ಹಿರಿಯನಾದ ಉಂಕುಲುಂಕುಲುವು ‘ಮನುಷ್ಯರು ಸಾಯದಿರಲಿ’ ಎಂದು ಗೋಸುಂಬೆಯನ್ನು ಕಳುಹಿಸಿದ್ದನು. ಅದು ದಾರಿಯ ಪೊದೆಯಲ್ಲಿ ಹಣ್ಣು ತಿನ್ನುತ್ತ ಕುಳಿತಿತು. ಬೇಸತ್ತ ಹಿರಿಯನು ‘ಸಾಯಲಿ’ ಎಂಬ ಮಾತಿನೊಡನೆ ಹಲ್ಲಿಯನ್ನಟ್ಟಿ, ಸಭೆಯು ಯಾರ ಮಾತಿಗೆ ಕುಡಿಯುವುದೋ ಅದೇ ನಿಲ್ಲತಕ್ಕದ್ದೆಂದು ವಿಧಿಸಿದನು.

ಹಲ್ಲಿ ಓಡಿ ಬಂದು ಹೇಳಿತು. “ಯಾರಿಗಾದ್ರೂ ತಕರಾರು ಇದೆಯಾ?” ಎಂದು ಅಧ್ಯಕ್ಷ ಫಕಾದೆ ಕೇಳಿದನು.

“ಸಾಯೋದು ಅಂದ್ರೆ ಏನು?” ಎಂದನು ಸಭಾಸದ ಸಿಬಿಂದಿ.

“ಯಾರಿಗೆ ಗೊತ್ತು. ಹೆಂಡ ಹುಳಿ ಆಗ್ತಿದೆ.”

“ಹಾಗಾದ್ರೆ ನಂದೇನೂ ತಕರಾರಿಲ್ಲ.”

ಗಡಿಗೆ ಬರಿದಾದ ಮೇಲೆ ಫಕಾದೆಗೆ ಜ್ವರ ಬಂದಿತು. ಕಾಲು ತಣ್ಣಗಾಗುತ್ತ ಬಂದಾಗ ನಿರ್ಣಯದ ಅರ್ಥವು ನಮ್ಮವರಿಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯತೊಡಗಿತು. ಅಷ್ಟರಲ್ಲಿ ಗೋಸುಂಬೆಯು ದೊಡ್ಡಿಯ ಬಾಗಿಲಿಗೆ ಬಂದು, ಬಾಯೊರಸಿಕೊಂಡು, ತನ್ನ ಮಾತನ್ನು ಒಪ್ಪಿಸಿತು.

ಫಕಾದೆಯ ಹೆಂಡತಿ ಮಾಖೋಜಾ ಬೇಲಿಯ ಹೊರಗೆ ನಿಂತಿದ್ದಳು; ಗಂಡನ ದೊಡ್ಡಿಯೊಳಗೆ ಹೆಂಡತಿಯು ಕಾಲಿಡುವಂತಿಲ್ಲ.

“ಅಪ್ಪಂದಿರೇ, ಇದರ ಮಾತಿಗೆ ಕುಡೀರಿ. ಗುಡಿಸಲಲ್ಲಿ ಮಲಗಿರೋ ಇವರು ಉಳೀತಾರೆ.”

“ಕುಡಿಯೋದಕ್ಕೆ ನಾವೇನು ಹಿಂದೆಮುಂದೆ ನೋಡೋರಾ, ತಾಯಿ?” ಎಂದನು ಸಿಬಿಂದಿ. “ಗಡಿಗೆ ಖಾಲಿ.”

“ಸೋರೆಬುರುಡೆಯಲ್ಲಿ ಮೊಸರಿದೆ, ತರ್ತೀನಿ.”

ಸಭೆಯು ಇದನ್ನು ಆಳವಾಗಿ ಪರಿಶೀಲಿಸಿತು. ಮೊಸರನ್ನು ನಾವು ನಮ್ಮ ಕುಲದವರೊಡನೆ ಮಾತ್ರವೇ ತಿನ್ನುತ್ತೇವೆ. ಗೋಸುಂಬೆಯೊಡನೆ ತಿಂದರೆ ಗೋಸುಂಬೆಯು ನೆಂಟನಾಗುವುದು. ನೆಂಟನು ನಮ್ಮ ಪರವಾಗಿ ತಂದ ಮಾತು ಪಕ್ಷಪಾತದ ಮಾತಾಗುವುದು. ಆದುದರಿಂದ ಮೊಸರು ತಳ್ಳಿಹಾಕಲ್ಪಟ್ಟಿತು.

“ಸಾಲದ್ದಕ್ಕೆ ಘಳಿಗೆಗೊಂದು ಬಣ್ಣ,” ಎಂದನೊಬ್ಬ ಮುದುಕ. “ಹಸುರಿದ್ದಾಗ ಹೇಳಿದ್ದನ್ನ ಕಂದಾದ ಮೇಲೆ ಒಪ್ಪಿಕೊಳ್ಳುತ್ತಾ, ಕೇಳಿ.”

“ಒಪ್ಕೋತೀನಿ,” ಎಂದಿತು ಗೋಸುಂಬೆ, ಪೂರ್ತಿ ಕಂದಾದ ಮೇಲೆ.

ಮಾಖೋಜಾ ಗುಡಿಸಲಿಗೆ ಹೋಗಿ ಗಂಡನನ್ನು ಕೇಳಿಕೊಂಡಳು. “ನೀವೊಂದು ಮಾತು ಹೇಳಿ. ಗೋಸುಂಬೆ ಮಾತಿಗೆ ಬರೀ ನೀರೇ ಕುಡೀತಾರೆ.”

“ನೀರಾ?” ಫಕಾದೆ ಮುಖ ತಿರುಗಿಸಿದನು. “ನನ್ನ ಜೀವಕ್ಕೋಸ್ಕರ ಸಭೇಲಿ ನೀರು ಕುಡಿಸ್ದ ಅಂತ ನಾಳೆ ಆಡ್ಕೊಳ್ಳಲ್ವೇನೇ?”

“ನಾಳೆ ಆಡ್ಕೊಂಡ್ರೆ ಕೇಳಿಸ್ಕೊಳ್ಳೋಕೆ ಇರ್ತೀರಲ್ಲ.”

“ಪದ್ಧತಿ ಅಂತ ಒಂದಿದೆ,” ಎಂದು ಅವನು ಕಣ್ಣು ಮುಚ್ಚಿದನು.

ಅವಳು ಜೋಳವನ್ನು ನೆನೆಹಾಕಿದಳು. ಮೊಳಕೆಗೆ ಯಾರ ಅವಸರವೂ ತಿಳಿಯುವುದಿಲ್ಲ. ಒಣಗಿಸಿ, ಅರೆದು, ಕುದಿಸಿ, ಹುಳಿಗಿಟ್ಟಳು. ಸಭಾಸದರು ದಿನವೂ ಬಂದು ಗಡಿಗೆಯ ಆರೋಗ್ಯವನ್ನು ವಿಚಾರಿಸಿದರು. ಒಳಗೆ ಮಲಗಿದ್ದವನನ್ನೂ ಕೆಲವರು ವಿಚಾರಿಸಿದರು. ಹೆಂಡವು ನೊರೆಯೆದ್ದ ಮುಂಜಾನೆ ಫಕಾದೆಯು ನಿರ್ಣಯವನ್ನು ಎಲ್ಲರಿಗಿಂತ ಮೊದಲು ಪಾಲಿಸಿದನು.

ಅಧ್ಯಕ್ಷಸ್ಥಾನಕ್ಕೆ ಬಂದ ಸಿಬಿಂದಿಯು ಈ ಗಡಿಗೆಯು ಅಂತ್ಯಸಂಸ್ಕಾರಕ್ಕೆ ಸಲ್ಲತಕ್ಕದ್ದೆಂದು ಸಾರಿದನು.

“ಇದನ್ನ ಗೋಸುಂಬೆ ಮಾತಿಗೆ ಕಾಯಿಸಿದ್ದು,” ಎಂದಳು ಮಾಖೋಜಾ. “ಇವರದ್ದಂತೂ ಮುಗೀತು. ನನ್ನ ಮಕ್ಕಳಾದ್ರೂ ಉಳೀಲಿ.”

“ಅಧ್ಯಕ್ಷರನ್ನ ಒಣಗಂಟಲಲ್ಲಿ ಕಳಿಸೋಕಾಗುತ್ತಾ, ತಾಯಿ? ಆ ವಿಷಯ ಮುಂದಿನ ಗಡಿಗೇಲಿ ನೋಡೋಣ.”

“ಮುಂದಿನ ಗಡಿಗೆ ಹೊತ್ತಿಗೆ ಇನ್ಯಾರಾದ್ರೂ ಹೋಗಿರ್ತಾರೆ.”

“ಹೋದ್ರೆ ಅವರಿಗೂ ಮರ್ಯಾದೆ ಮಾಡಬೇಕಾಗುತ್ತೆ,” ಎಂದನು ಸಿಬಿಂದಿ. ಸಭೆಗೆ ಇದು ನ್ಯಾಯವೆಂದೇ ತೋರಿತು. ಇಂದಿಗೂ ತೋರುತ್ತದೆ, ಗೋಸುಂಬೆಯ ವಿಷಯವನ್ನು ಮುಂದೂಡುವುದಕ್ಕೆ ನಾನೇ ಅನೇಕ ಸಲ, ತುಟಿಯ ನೊರೆಯನ್ನೊರಸಿಕೊಂಡು, ಕೈಯೆತ್ತಿದ್ದೇನೆ.

ಹೆಂಡ ಕಾಯಿಸಿದವಳು ಮೊದಲ ಗುಟುಕನ್ನು ತಾನೇ ಕುಡಿದು ತೋರಿಸದೆ ಬೇರೆಯವರು ಮುಟ್ಟುವಂತಿಲ್ಲ. ಎಲ್ಲರೂ ಮಾಖೋಜಾಳ ಕಡೆಗೆ ನೋಡಿದರು. ಅವಳು ಹೂಳುವುದಕ್ಕೆಂದು ಎತ್ತಿನ ಚರ್ಮದಲ್ಲಿ ಸುತ್ತಿ ಕೂರಿಸಿದ್ದ ಗಂಡನನ್ನು ನೋಡಿದಳು, ಗೋಸುಂಬೆಯನ್ನು ನೋಡಿದಳು, ಬೇಲಿಯಾಚೆ ಬಾಯಾರಿ ಕುಳಿತಿದ್ದ ನಮ್ಮವರನ್ನು ನೋಡಿದಳು. ಬಳಿಕ ಬುರುಡೆಯನ್ನೆತ್ತಿ ಕುಡಿದಳು.

“ಇನ್ನೊಂದು ದಿನ ಇಡಬೇಕಿತ್ತು,” ಎಂದಳು.

“ಇಲ್ಲ ತಾಯಿ, ಸರಿಯಾದ ಹದಕ್ಕೇ ಬಂದಿದೆ,” ಎಂದು ಸಭೆಯು ಒಕ್ಕೊರಲಿನಿಂದ ನುಡಿಯಿತು. ತನ್ನ ಪಾಲಿನ ಬುರುಡೆಯನ್ನು ಬರಿದುಮಾಡಿ ಗೋಸುಂಬೆಯೂ ಹೌದೆಂದಿತು.