ಗಂಭೀರನ ಪದಕ

ನಿವೃತ್ತ ಹವಾಲ್ದಾರರು ಯುದ್ಧಕಾಲದಲ್ಲಿ ಕಣಿವೆ ದಾಟಿದ ದಿನ ಬೀಳಲು ಶುರುವಾದ ಹಿಮ ಇನ್ನೂ ನಿಂತಿಲ್ಲ. ಮದುವೆಯಾದ ಹೊಸತರಲ್ಲಿ ಅವರು ಆ ಕಥೆ ಹೇಳಿದಾಗ ಅದು ಮೊಣಕಾಲಿನವರೆಗೆ ಇತ್ತು. ಮಗಳು ಹುಟ್ಟುವ ಹೊತ್ತಿಗೆ ಸೊಂಟಕ್ಕೆ ಬಂತು. ನಿವೃತ್ತಿಯಾಗಿ ಮನೆಗೆ ಬಂದ ವರ್ಷ ಕುತ್ತಿಗೆ ಮುಟ್ಟಿತು. ಈಚೆಗಂತೂ ತಲೆಯ ಮೇಲೆ ಹೋಗಿ, ಹವಾಲ್ದಾರರು ಅದರೊಳಗೇ ಸುರಂಗ ಕೊರೆದುಕೊಂಡು ನಡೆಯುತ್ತಿದ್ದಾರೆ. ಕಣಿವೆಯ ಆಚೆ ಗಾಯಗೊಂಡು ಮಲಗಿದ ತುಕಡಿಗೆ ಔಷಧಿಯ ಪೆಟ್ಟಿಗೆ ತಲುಪಿಸಬೇಕು. ಮುಂದೆ ಹಿಮಗಾಳಿ, ಹಿಂದೆ ಗುಂಡಿನ ಸುರಿಮಳೆ, ಪಕ್ಕದಲ್ಲಿ ಗಂಭೀರ. ಗಂಭೀರ ಎಂದರೆ ಇನ್ನೊಬ್ಬ ಸಿಪಾಯಿಯಲ್ಲ, ಹೇಸರಗತ್ತೆ. ಹವಾಲ್ದಾರರು ಸೈನ್ಯದಲ್ಲಿ ಮಾಡಿದ್ದು ಹೇಸರಗತ್ತೆ ನಡೆಸುವ ಕೆಲಸ. (ಅವರು ಇದನ್ನು 'ಪರ್ವತ ಸಾಗಾಣಿಕಾ ವಿಭಾಗ' ಎನ್ನುತ್ತಾರೆ. ಹೇಳುವಾಗ ಮೀಸೆ ಸವರಿಕೊಳ್ಳುತ್ತಾರೆ. ಮೀಸೆ ಸವರಿದರೆ ಹಿಂದೆ ನಿಂತ ಕತ್ತೆ ಯಾರಿಗೂ ಕಾಣಿಸುವುದಿಲ್ಲವೆಂದು ಅವರ ನಂಬಿಕೆ.)

ಈ ಕಥೆಯನ್ನು ಊರೆಲ್ಲ ನಂಬಿತ್ತು, ಅಂದರೆ ಊರಿಗೆ ವಾದ ಮಾಡುವ ಪುರುಸೊತ್ತು ಇರಲಿಲ್ಲ. ನಂಬದೇ ಇದ್ದದ್ದು ಮನೆಯಾಕೆ ಒಬ್ಬಳೇ.

"ಹೋದ ಸಲ ಹೇಳ್ದಾಗ ಗಾಳಿ ಎಡಗಡೆಯಿಂದ ಬೀಸಿತ್ತಲ್ರೀ?" ಎಂದು ಆಕೆ ತರಕಾರಿ ಹೆಚ್ಚುತ್ತಲೇ ಕೇಳುವಳು.

"ಎರಡೂ ಕಡೆಯಿಂದ ಬೀಸ್ತಿತ್ತು ಕಣೇ."

"ಎರಡೂ ಕಡೆಯಿಂದ ಬೀಸಿದ್ರೆ ಗಾಳಿ ನಿಂತ ಹಾಗೇ ಆಯ್ತಲ್ಲ."

ಶತ್ರುವಿನ ಫಿರಂಗಿಗೂ ಬೆದರದ (ಅವರೇ ಹೇಳಿದ್ದು) ಹವಾಲ್ದಾರರು ಇಂಥ ಪ್ರಶ್ನೆಗೆ ತತ್ತರಿಸಿಹೋಗುತ್ತಿದ್ದರು. ಅವರಿಗಿದ್ದದ್ದು ಒಂದೇ ಆಸೆ. ತಮ್ಮ ಸಾಹಸ ಒಮ್ಮೆ, ಒಂದೇ ಒಮ್ಮೆ, ಬೇರೆಯವರ ಬಾಯಿಂದ, ಧ್ವನಿವರ್ಧಕದಲ್ಲಿ, ಮನೆಯಾಕೆಯ ಕಿವಿಗೆ ಬೀಳಬೇಕು. ಸೈನ್ಯದ ವಾರ್ಷಿಕ ಸಮಾರಂಭದಲ್ಲಿ ಪದಕ ಪಡೆದವರ ಸಾಹಸವನ್ನು ಹಾಗೆ ಓದುವ ಪದ್ಧತಿಯಿತ್ತು. ಆದರೆ ಓದಲು ಪದಕ ಬೇಕಲ್ಲ. ಅಂದಿನ ಮೇಲಧಿಕಾರಿ "ಶಿಫಾರಸು ಕಳಿಸಿದ್ದೇನೆ" ಎಂದು ಬೆನ್ನು ತಟ್ಟಿದ್ದರು. ತಟ್ಟಿದ ಬೆನ್ನಿಗೆ ಮುಪ್ಪು ಬಂತೇ ಹೊರತು ಎದೆಗೆ ಪದಕ ಬರಲಿಲ್ಲ.

ಕೊನೆಗೆ ಹವಾಲ್ದಾರರು ಬಾಮೈದನನ್ನು ಕರೆಸಿದರು. ಈತ ಕೋರ್ಟಿನ ಹೊರಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುವವ. ಅರ್ಜಿ ಬರೆಯುವುದರಲ್ಲಿ ನಿಪುಣ. ಒಮ್ಮೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಆತ ಬರೆದುಕೊಟ್ಟ ದೂರನ್ನು ಓದಿ ಅಧಿಕಾರಿಗಳು ಕಣ್ಣೀರಿಟ್ಟಿದ್ದರಂತೆ. ನೀರು ಮಾತ್ರ ಬರಲಿಲ್ಲ. 'ಸೇವಾದಾಖಲೆಯಲ್ಲಿ ಬಿಟ್ಟುಹೋದ ಶೌರ್ಯಪದಕವನ್ನು ಸೇರಿಸಿ, ದಾಖಲೆಯನ್ನು ತಿದ್ದಿ, ವೀರನೊಬ್ಬನ ಇಳಿವಯಸ್ಸನ್ನು ಬೆಳಗಿಸಬೇಕಾಗಿ ಪ್ರಾರ್ಥನೆ' ಎಂದು ಆತ ಟೈಪು ಮಾಡಿದ. ಉತ್ತರವಾಗಿ ದಾಖಲೆ ಕಚೇರಿಯಿಂದ ಹವಾಲ್ದಾರರ ಸೇವಾಪುಸ್ತಕದ ನಕಲು ಬಂತು. ಕನ್ನಡಕ ಸಿಗಲಿಲ್ಲವೆಂದು ಹವಾಲ್ದಾರರು ಅದನ್ನು ಮನೆಯಾಕೆಯ ಕೈಗೆ ಕೊಟ್ಟರು. ಅದೇ ಅವರು ಮಾಡಿದ ಮೊದಲ ತಪ್ಪು.

"'ಸ್ವಭಾವ: ಹಠಮಾರಿ. ಎಡಗಡೆಯಿಂದ ಹತ್ತಿರ ಹೋಗಬಾರದು.'" ಮನೆಯಾಕೆ ತಲೆಯಾಡಿಸಿದಳು. "ಸರಿಯಾಗೇ ಬರೆದಿದಾರಲ್ರೀ."

"ಮುಂದೆ ಓದು."

"'ಹಲ್ಲು: ವಯಸ್ಸಿಗಿಂತ ಹೆಚ್ಚು ಸವೆದಿದೆ. ಹಸಿವು: ಉತ್ತಮ.' ಎಷ್ಟು ಚೆನ್ನಾಗಿ ಗಮನಿಸಿದಾರೆ ನೋಡು ತಮ್ಮಾ." ಆಕೆ ಪುಟ ತಿರುಗಿಸಿದವಳು ತಟಕ್ಕನೆ ನಿಂತಳು. "'ನಾಲ್ಕು ಕಾಲಿಗೂ ಹೊಸ ಲಾಳ ಹೊಡೆಯಲಾಗಿದೆ.' ರೀ, ನಿಮಗೆ ನಾಲ್ಕು ಕಾಲಿತ್ತಾ?"

"ಎರಡು ಯುದ್ಧದಲ್ಲಿ ಹೋದ್ವೇನೋ, ಅಕ್ಕ," ಎಂದ ಬಾಮೈದ ಗಂಭೀರವಾಗಿ.

ಆಗಿದ್ದಿಷ್ಟು. ಸೈನ್ಯದಲ್ಲಿ ಸಿಪಾಯಿಗೂ ನಂಬರು ಉಂಟು, ಹೇಸರಗತ್ತೆಗೂ ನಂಬರು ಉಂಟು; ಸಿಪಾಯಿಯದನ್ನು ಬಿಲ್ಲೆಯ ಮೇಲೆ ಕೆತ್ತುತ್ತಾರೆ, ಕತ್ತೆಯದನ್ನು ಗೊರಸಿನ ಮೇಲೆ ಸುಟ್ಟು ಬರೆಯುತ್ತಾರೆ. ವಿಧಿಯ ಆಟದಿಂದ ಹವಾಲ್ದಾರರದೂ ಗಂಭೀರನದೂ ಒಂದೇ ನಂಬರು. ಯಾವನೋ ಗುಮಾಸ್ತ ನಂಬರನ್ನಷ್ಟೇ ನೋಡಿ, ಕಾಲುಗಳನ್ನು ಎಣಿಸದೆ, ಇವರ ರಟ್ಟಿನೊಳಗೆ ಅವನ ಪುಸ್ತಕ, ಅವನ ರಟ್ಟಿನೊಳಗೆ ಇವರ ಪುಸ್ತಕ ಸೇರಿಸಿ ಹೊಲಿದುಬಿಟ್ಟಿದ್ದ.

ಹವಾಲ್ದಾರರು ದಾಖಲೆ ಕಚೇರಿಗೆ ದಂಡೆತ್ತಿ ಹೋದರು. ಒಂದು ತುದಿಯಲ್ಲಿ ನಿಂತು ಕೆಮ್ಮಿದರೆ ಇನ್ನೊಂದು ತುದಿಗೆ ಕೆಮ್ಮು ತಲುಪುವಷ್ಟರಲ್ಲಿ ನೆಗಡಿ ವಾಸಿಯಾಗುವಂಥ ಉದ್ದದ ಓಣಿ. ಎರಡೂ ಬದಿಗೆ ಸೂರು ಮುಟ್ಟುವ ಕಪಾಟುಗಳು. ಅವಕ್ಕೆ ಒರಗಿಸಿದ ಏಣಿಗಳು. ಏಣಿಯ ಮೇಲೆಯೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ ಗುಮಾಸ್ತರು. ಕೊನೆಯ ಕೋಣೆಯಲ್ಲಿ ದಾಖಲೆ ಅಧಿಕಾರಿಣಿ. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು ಕನ್ನಡಕ. ಆಕೆ ಜನ್ಮದಲ್ಲಿ ನಕ್ಕವಳಲ್ಲ; ನಗಲು ಅನುಮತಿ ಕೇಳಿ ಬರೆದಿದ್ದಳೋ ಏನೋ, ಉತ್ತರ ಬಂದಿರಲಿಲ್ಲ.

"ದಾಖಲೆ ತಿದ್ದಬಹುದು," ಎಂದಳು ಆಕೆ. "ಆದ್ರೆ ನೀವು ಹೇಸರಗತ್ತೆ ಅಲ್ಲ ಅನ್ನೋದಕ್ಕೆ ಪುರಾವೆ ಬೇಕು."

"ನೋಡಿದ್ರೆ ಗೊತ್ತಾಗಲ್ವಾ ಮೇಡಂ?"

"ನೋಡಿ ಹೇಳೋ ಅಧಿಕಾರ ನನಗಿಲ್ಲ. ಓದಿ ಹೇಳೋದಷ್ಟೇ."

ಹವಾಲ್ದಾರರು ಡಾಕ್ಟರ ಬಳಿಗೆ ಓಡಿದರು. ತಾನು ಮನುಷ್ಯರಿಗಷ್ಟೇ ಸರ್ಟಿಫಿಕೇಟು ಕೊಡುವವನು, ಅನುಮಾನವಿರುವ ಕೇಸನ್ನು ಮುಟ್ಟುವುದಿಲ್ಲ ಎಂದ ಡಾಕ್ಟರು ದನದ ಆಸ್ಪತ್ರೆಯ ದಾರಿ ತೋರಿಸಿದ. ಅಲ್ಲಿನ ಪಶುವೈದ್ಯ ಬಹಳ ಒಳ್ಳೆಯ ಮನುಷ್ಯ. ಹವಾಲ್ದಾರರ ಕೆಳರೆಪ್ಪೆ ಎಳೆದು ನೋಡಿದ, ಬೆನ್ನು ಸವರಿದ, "ಮನುಷ್ಯ ಅಂತ ನಾನು ಬರೆಯೋ ಹಾಗಿಲ್ಲ. ಪ್ರಾಣಿ ಆರೋಗ್ಯವಾಗಿದೆ ಅಂತ ಬೇಕಾದ್ರೆ ಬರೆದುಕೊಡ್ತೀನಿ," ಎಂದ. ಹೊರಡುವಾಗ ಜಂತುಹುಳುವಿನ ಗುಳಿಗೆಯನ್ನೂ ಕೊಟ್ಟ.

ಉಳಿದದ್ದು ಒಂದೇ ದಾರಿ: ಪ್ರತ್ಯಕ್ಷ ಸಾಕ್ಷಿ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದವರು ಬಂದು ಪ್ರಮಾಣ ಮಾಡಿ ಹೇಳಿದರೆ ಆದೀತು ಎಂದಳು ಅಧಿಕಾರಿಣಿ. ಹೀಗೆ ಮನೆಯಾಕೆ, ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ಬಾಮೈದನ ಬೆಂಗಾವಲಿನಲ್ಲಿ ದಾಖಲೆ ಕಚೇರಿಗೆ ಚಿತ್ತೈಸಿದಳು. ಕೈ ಎತ್ತಿಸಿ ಪ್ರಮಾಣ ಮಾಡಿಸಿದರು. ಅಧಿಕಾರಿಣಿ ಪುಸ್ತಕ ತೆರೆದಳು.

"ಇವರು ನಿಮಗೆ ಏನಾಗ್ಬೇಕು?"

"ನಮ್ಮ ಯಜಮಾನ್ರು."

"ಮನುಷ್ಯರೇ ಅಂತ ಖಚಿತವಾಗಿ ಹೇಳ್ತೀರಾ?"

ಮನೆಯಾಕೆ ಗಂಡನನ್ನು ನೆತ್ತಿಯಿಂದ ಪಾದದವರೆಗೆ ನೋಡಿದಳು. "ಮೇಲ್ನೋಟಕ್ಕೆ."

"ಹಠ ಉಂಟಾ?"

"ನಿಂತಲ್ಲಿಂದ ಅಲ್ಲಾಡಲ್ಲ. ಮೊನ್ನೆ ಮಂಚ ಸ್ವಲ್ಪ ಆಚೆ ಸರಿಸಿ ಅಂದ್ರೆ, ಮಂಚನೂ ಸರೀಲಿಲ್ಲ, ಇವರೂ ಸರೀಲಿಲ್ಲ."

"ಹೊರೆ ಹೊರ್ತಾರಾ?"

"ಎರಡೂ ಕಡೆ ಸಮ ಇದ್ರೆ ಹೊರ್ತಾರೆ. ಮಾರ್ಕೆಟ್ಟಿಂದ ಬರುವಾಗ ಒಂದು ಚೀಲ ಹೆಚ್ಚು ಭಾರ ಆದ್ರೆ ರಸ್ತೆ ಮಧ್ಯದಲ್ಲೇ ನಿಂತ್ಬಿಡ್ತಾರೆ."

"ಒದೆಯೋ ಅಭ್ಯಾಸ?"

"ನಿದ್ದೆಯಲ್ಲಿ."

"ಲೇ ಇವಳೇ," ಎಂದು ಹವಾಲ್ದಾರರು ಹಲ್ಲು ಕಡಿದರು, "ನೀನು ಯಾರ ಕಡೆ ಸಾಕ್ಷಿ?"

"ಪ್ರಮಾಣ ಮಾಡಿಸಿದಾರಲ್ರೀ. ಪ್ರಮಾಣ ಮಾಡಿ ಸುಳ್ಳು ಹೇಳಕ್ಕಾಗುತ್ತಾ?"

"ವಿಚಿತ್ರವಾಗಿ ಕೂಗೋದು ಏನಾದ್ರೂ?" ಎಂದಳು ಅಧಿಕಾರಿಣಿ.

"ಬೆಳಿಗ್ಗೆ ಬಚ್ಚಲಲ್ಲಿ ಕೂಗ್ತಾರೆ ಮೇಡಂ," ಎಂದ ಬಾಮೈದ, ತನ್ನನ್ನು ಯಾರೂ ಕೇಳದಿದ್ದರೂ.

"ಅದು ಹಾಡು ಕಣಯ್ಯಾ," ಎಂದರು ಹವಾಲ್ದಾರರು ನೊಂದು.

ಅಧಿಕಾರಿಣಿ ಪ್ರತಿ ಉತ್ತರಕ್ಕೂ ಪುಸ್ತಕದಲ್ಲಿ ಒಂದೊಂದು ಸರಿ ಗುರುತು ಹಾಕುತ್ತ ಬಂದಳು. ಆಮೇಲೆ ಇನ್ನೊಂದು ಪುಸ್ತಕವನ್ನು, ಗಂಭೀರನ ರಟ್ಟಿನೊಳಗಿದ್ದ ಹವಾಲ್ದಾರರ ನಿಜವಾದ ಪುಸ್ತಕವನ್ನು, ಮೇಜಿನ ಮೇಲಿಟ್ಟಳು. ಹವಾಲ್ದಾರರ ಎದೆ ನಗಾರಿಯಾಯಿತು. ಇಗೋ, ಇಲ್ಲಿದೆ ನನ್ನ ಕಣಿವೆ, ನನ್ನ ಹಿಮ, ನನ್ನ ಪದಕ. ಪುಸ್ತಕದಲ್ಲಿ ಹೆಸರಿತ್ತು, ಹುಟ್ಟಿದ ದಿನವಿತ್ತು, ಅಂಗಿಯ ಅಳತೆಯಿತ್ತು. ನಡತೆ ಎಂಬಲ್ಲಿ 'ಸಾಧಾರಣ' ಎಂದಿತ್ತು. ವಿಶೇಷ ಎಂಬಲ್ಲಿ 'ಏನೂ ಇಲ್ಲ' ಎಂದಿತ್ತು. ಇಡೀ ಯೌವನವನ್ನು ಸೈನ್ಯಕ್ಕೆ ಧಾರೆಯೆರೆದವರ ಬಗ್ಗೆ ಸೈನ್ಯಕ್ಕೆ ಹೇಳಲು ಇದ್ದದ್ದು ಇಷ್ಟೇ.

ಹವಾಲ್ದಾರರು ಹಾಳೆ ಮಗುಚಿ ಹಿಂಬದಿಯನ್ನೂ ನೋಡಿದರು. ಮನೆಯಾಕೆ, ಆಶ್ಚರ್ಯ, ತನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು.

"ಪದಕ ಇದೆ," ಎಂದಳು ಅಧಿಕಾರಿಣಿ, ಕತ್ತೆಯ ಪುಸ್ತಕದ ಕೊನೆಯ ಪುಟ ತಿರುಗಿಸುತ್ತ. "ಹಿಮಗಾಳಿಯಲ್ಲಿ ಕಣಿವೆ ದಾಟಿದ್ದಕ್ಕೆ, ಶೌರ್ಯಪದಕ. ಮಂಜೂರಾಗಿದೆ. ತಗೊಳ್ಳೋಕೆ ಯಾರೂ ಬಂದಿಲ್ಲ, ಇಲ್ಲೇ ಕಪಾಟಿನಲ್ಲಿದೆ. ಆದ್ರೆ ಇರೋದು ಈ ಪುಸ್ತಕದಲ್ಲಿ. ಈ ಪುಸ್ತಕ ನಿಮ್ಮದಲ್ಲ ಅಂತ ತಾನೆ ನಿಮ್ಮ ಅರ್ಜಿ? ತಿದ್ದಿಬಿಡ್ಲಾ?"

ಆಕೆ ಪೆನ್ನಿನ ಮುಚ್ಚಳ ತೆಗೆದಳು. ಹವಾಲ್ದಾರರು ಆ 'ಸಾಧಾರಣ'ವನ್ನು ನೋಡಿದರು, ಈ 'ಶೌರ್ಯ'ವನ್ನು ನೋಡಿದರು. ಎದ್ದು ನಿಂತು ಎದೆ ಸೆಟೆಸಿದರು.

"ಬೇಡ ಮೇಡಂ. ಆ ಪುಸ್ತಕ ನನ್ನದೇ."

"ಭಾವ," ಎಂದ ಬಾಮೈದ ತೋಳು ಹಿಡಿದು ಜಗ್ಗಿ, "ಸ್ವಲ್ಪ ಯೋಚನೆ ಮಾಡಿ. ಲಾಳದ ವಿಷಯ ಇದೆ ಅದರಲ್ಲಿ."

"ಇರಲಿ. ನನ್ನ ಹೆಂಡತಿ ಪ್ರಮಾಣ ಮಾಡಿ ಹೇಳಿದ್ದು ಅಕ್ಷರಶಃ ನಿಜ. ಹಠ ನನ್ನದು, ಹಲ್ಲು ನನ್ನದು, ಒದೆತ ನನ್ನದು. ಎಲ್ಲಿ ರುಜು ಹಾಕ್ಬೇಕು ಹೇಳಿ."

ಹೀಗೆ ಒಬ್ಬರು ನಿವೃತ್ತ ಹವಾಲ್ದಾರರು, ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ತಾವು ಹೇಸರಗತ್ತೆಯೆಂದು ಒಪ್ಪಿ ರುಜು ಹಾಕಿದರು. ಅಧಿಕಾರಿಣಿ ಮುದ್ರೆಯೊತ್ತಿದಳು. ಆ ಸದ್ದಿಗೆ ಏಣಿಯ ಮೇಲಿದ್ದ ಗುಮಾಸ್ತನೊಬ್ಬನ ಡಬ್ಬಿ ಕೆಳಗೆ ಬಿತ್ತು.

ಸಮಾರಂಭದ ದಿನ ಬಂತು. ಹವಾಲ್ದಾರರು ಹಳೆಯ ಕೋಟನ್ನು ಉಸಿರು ಬಿಗಿಹಿಡಿದು ತೊಟ್ಟಿದ್ದರು. ಗುಂಡಿಗಳು ಯಾರ ಕಣ್ಣು ತೆಗೆಯೋಣ ಎಂದು ಹೊಂಚು ಹಾಕುತ್ತಿದ್ದವು. ಮನೆಯಾಕೆಯನ್ನು ಮುಂದಿನ ಸಾಲಿನಲ್ಲಿ, ಧ್ವನಿವರ್ಧಕಕ್ಕೆ ಕಿವಿ ತಾಗುವ ಹಾಗೆ ಕೂರಿಸಿದ್ದರು. ಕಾದು ಕಾದು ಕೊನೆಗೆ ನಿರೂಪಕ ಗಂಟಲು ಸರಿಮಾಡಿಕೊಂಡ.

"ಮುಂದಿನ ಶೌರ್ಯಪದಕ. ಭೀಕರ ಹಿಮಗಾಳಿಯಲ್ಲಿ ಔಷಧಿಯ ಪೆಟ್ಟಿಗೆಗಳನ್ನು ಹೊತ್ತು ಕಣಿವೆ ದಾಟಿ, ಗಾಯಾಳುಗಳ ಪ್ರಾಣ ಉಳಿಸಿದ ಅಪ್ರತಿಮ ಸಾಹಸಕ್ಕಾಗಿ."

ಹವಾಲ್ದಾರರು ಮನೆಯಾಕೆಯ ಕಡೆ ತಿರುಗಿದರು. ಆಕೆ ಬಾಯಿ ತೆರೆದು ಕೇಳುತ್ತಿದ್ದಳು. ಆ ಗಳಿಗೆಯಲ್ಲಿ ಯಾರಾದರೂ ಅವರಿಗೆ ರಾಜ್ಯ ಕೊಡುತ್ತೇನೆಂದಿದ್ದರೆ, ಆಮೇಲೆ ಬಾ ಎನ್ನುತ್ತಿದ್ದರು.

ನಿರೂಪಕ ಹಾಳೆ ಮಗುಚಿದ. "ಕಣಕಾಲು ಮುಳುಗುವ ಹಿಮದಲ್ಲಿ ಇದನ್ನು ನಡೆಸುತ್ತಿದ್ದವನು ಹೆದರಿ ಬಂಡೆಯೊಂದನ್ನು ತಬ್ಬಿ ಕೂತು, ಇನ್ನು ಒಂದು ಹೆಜ್ಜೆಯನ್ನೂ ಇಡಲೊಲ್ಲೆ ಎಂದಾಗ, ಅವನ ಕೋಟಿನ ಕೊರಳಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಪೆಟ್ಟಿಗೆಗಳ ಸಮೇತ ಅವನನ್ನೂ ಶಿಬಿರದ ಬಾಗಿಲವರೆಗೆ ಎಳೆತಂದ ಧೀರ ಹೇಸರಗತ್ತೆ, ಗಂಭೀರ."

ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಹವಾಲ್ದಾರರಿಗೆ ಮಾತ್ರ ಕತ್ತಿನ ಹಿಂಭಾಗದಲ್ಲಿ ಬಿಸಿಯುಸಿರು ಬಡಿದ ಹಾಗಾಯಿತು. ಹೇಳೀ ಹೇಳೀ ತಾವೇ ಮರೆತಿದ್ದ ಆ ಬಂಡೆ ಈಗ ಕಣ್ಣ ಮುಂದೆ ಬಂದು ಕೂತಿತು. "ಸ್ವಲ್ಪ ದೂರ ಮಾತ್ರ ಎಳೆದಿದ್ದು," ಎಂದು ಗೊಣಗಿದರು, ಯಾರಿಗೂ ಕೇಳಿಸದಂತೆ. ಆದರೂ ಪದಕ ಪದಕವೇ. ರುಜು ಹಾಕಿದ ಮೇಲೆ ಅದು ತಮ್ಮದೇ. ಕೋಟು ಎಳೆದುಕೊಂಡು ವೇದಿಕೆಯ ಮೆಟ್ಟಿಲಿಗೆ ಕಾಲಿಟ್ಟರು. ಮೇಲೆ ನಿಂತಿದ್ದ ದಾಖಲೆ ಅಧಿಕಾರಿಣಿ ಅಂಗೈ ಅಡ್ಡ ಹಿಡಿದಳು.

"ನೀವು ಕೆಳಗೇ ಇರಿ. ಪ್ರಾಣಿಗೆ ಬಂದ ಪದಕವನ್ನ ಸಾಕಿದವರ ಕೈಗೆ ಕೊಡೋದು ನಿಯಮ. ಎಲ್ಲಿ, ಇವರನ್ನ ಸಾಕಿದವರು?"

ಮನೆಯಾಕೆ ಸೆರಗು ಸರಿಮಾಡಿಕೊಂಡು ಎದ್ದಳು. ಗಂಡನನ್ನು ದಾಟಿ ಮೆಟ್ಟಿಲು ಹತ್ತಿದಳು. ಬಿಳಿಮೀಸೆಯ ಸೇನಾಧಿಕಾರಿಯೊಬ್ಬರು ಆಕೆಗೆ ಪದಕ ತೊಡಿಸಿ ಸೆಲ್ಯೂಟು ಹೊಡೆದರು. ಎರಡು ಮಾತಾಡಿ ಎಂದು ಮೈಕು ಮುಂದೆ ಹಿಡಿದರು.

"ಸಾಕೋದು ಅಂಥಾ ಕಷ್ಟ ಏನಿಲ್ಲ," ಎಂದಳು ಮನೆಯಾಕೆ. "ಹೊತ್ತಿಗೆ ಸರಿಯಾಗಿ ಹಾಕಿದ್ರೆ ಇದ್ದಲ್ಲೇ ಇರ್ತಾರೆ. ಎದುರಿಗೆ ನಿಂತು ಹೊಗಳ್ಬಾರ್ದು, ಆಮೇಲೆ ಕೆಲಸ ಮಾಡಲ್ಲ. ಬುದ್ಧಿ ಸ್ವಲ್ಪ ನಿಧಾನ. ಮನಸ್ಸು ಮಾತ್ರ ಒಳ್ಳೇದು."

ಪದಕದ ಜೊತೆಗೆ ಕತ್ತೆಗೆಂದು ಒಂದು ಮೂಟೆ ಕಾಳನ್ನೂ ಕೊಡುವ ಪದ್ಧತಿಯಿತ್ತು. ಮೂಟೆಯನ್ನು ಬಿಟ್ಟುಬರುವ ಹಾಗಿರಲಿಲ್ಲ, ಅದಕ್ಕೂ ರುಜು ಆಗಿತ್ತು. ಬಾಮೈದ ಸೊಂಟನೋವು ಎಂದು ಮೊದಲೇ ಜಾರಿಕೊಂಡಿದ್ದ. ಸಂಜೆಯ ಬೀದಿಯಲ್ಲಿ ಎದೆಯ ಮೇಲೆ ಪದಕ ಮಿನುಗಿಸುತ್ತ ಮನೆಯಾಕೆ ಮುಂದೆ, ಬೆನ್ನ ಮೇಲೆ ಮೂಟೆ ಹೊತ್ತ ಹವಾಲ್ದಾರರು ಹಿಂದೆ.

"ರೀ," ಎಂದಳು ಮನೆಯಾಕೆ ತಿರುಗಿ ನೋಡದೆ. "ಈಗ ನಂಬ್ತೀನಿ. ನೀವು ಆ ಕಣಿವೆ ದಾಟಿದ್ದು ನಿಜ."

ಎಷ್ಟೋ ವರ್ಷಗಳಿಂದ ಕಾದಿದ್ದ ಮಾತು. ಹವಾಲ್ದಾರರು ಸಂತೋಷಪಡಬೇಕೋ ಬೇಡವೋ ತಿಳಿಯದೆ ಏರುದಾರಿಯ ನಡುವೆ ನಿಂತುಬಿಟ್ಟರು. ಮುಂದೆ ಹೋಗಲೂ ಮನಸ್ಸಿಲ್ಲ, ಮೂಟೆ ಇಳಿಸಲೂ ಮನಸ್ಸಿಲ್ಲ.

ಮನೆಯಾಕೆ ಎಲ್ಲಿ ಕಲಿತಿದ್ದಳೋ, ನಾಲಿಗೆಯನ್ನು ಅಂಗುಳಿಗೆ ತಾಗಿಸಿ 'ಟಕ್, ಟಕ್' ಎಂದಳು.

ಹವಾಲ್ದಾರರು ಅವಮಾನದಿಂದ ಕುದಿದು ಹೋದರು. ಈ ಅಪಚಾರಕ್ಕೆ ತಕ್ಕ ಉತ್ತರ ಕೊಡಲೇಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಕಾಲುಗಳು ಹೊರಟುಬಿಟ್ಟಿದ್ದವು.