ಹಪ್ಪಳದಂಥ ಬಟ್ಟೆ ಮತ್ತು ಒಂದು ಹಸಿರು ಸೀರೆ

ನನ್ನ ಹೆಂಡತಿ ಸುನಂದಾಳ ಹಸಿರು ಸೀರೆಯನ್ನು ಹರಿದವರು ಯಾರೆಂದು ನನಗೆ ಖಚಿತವಾಗಿ ಗೊತ್ತು ಎಂದೇ ಬಹಳ ವರ್ಷ ಹೇಳಿಕೊಂಡು ಬಂದೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನಿಗೆ ಸಂದೇಹಪಡುವುದು ಒಂದು ಸಭ್ಯ ಚಟ. ಪಂಚಾಂಗ ನಂಬುವುದಿಲ್ಲ, ಪತ್ರಿಕೆ ನಂಬುವುದಿಲ್ಲ, ಈಚೆಗೆ ನನ್ನ ನೆನಪನ್ನೂ ನಂಬುವುದಿಲ್ಲ. ಆದರೆ ನನಗೆ ಅನುಕೂಲವಾದ ನೆನಪು ಎದುರಿಗೆ ಬಂದಾಗ ಈ ಸಂದೇಹ ಯಾಕೋ ತೂಕಡಿಸುತ್ತದೆ. ಹಸಿರು ಸೀರೆಯ ವಿಷಯದಲ್ಲಿ ಅದು ಗಾಢ ನಿದ್ರೆಯನ್ನೇ ಮಾಡಿತು.

ಅದು ಎರಡು ಸಾವಿರದ ಎರಡೋ ಮೂರೋ ಇರಬೇಕು. ಕಾಲೇಜಿನ ತಾತ್ಕಾಲಿಕ ಮೇಷ್ಟರಗಿರಿ ಬಿಟ್ಟು, ದಾಂಡೇಲಿಯಲ್ಲಿ ಶ್ರೀಪಾದರಾಯರೆಂಬವರು ನಡೆಸುತ್ತಿದ್ದ ಕಂಪ್ಯೂಟರ್ ಕೇಂದ್ರ ಸೇರಿದ್ದೆ. ಅಲ್ಲಿ ಕಾಗದದ ಕಾರ್ಖಾನೆಯ ಕಾರ್ಮಿಕರ ಮಕ್ಕಳು ಟೈಪಿಂಗ್ ಕಲಿಯುತ್ತಿದ್ದರು. ರಾಯರಿಗೆ ಅದು ಸಾಲದೆ, ಪುಣೆಯ ಒಂದು ಕಂಪನಿಯಿಂದ ಅನಿಮೇಷನ್ ಕೆಲಸ ಹಿಡಿದುಕೊಂಡು ಬಂದರು. ಮಕ್ಕಳಿಗಾಗಿ ಒಂದು ಪುಟ್ಟ ಚಿತ್ರ. ಅದರಲ್ಲಿ ಆನೆಯೊಂದು ಗೋಡೆಗೆ ಅಂಟಿಸಿದ ಬಟ್ಟೆಯ ಜಾಹೀರಾತನ್ನು ಸೊಂಡಿಲಿನಿಂದ ಎಳೆಯಬೇಕು. ಬಟ್ಟೆ ಅರ್ಧ ಸುಲಿದು ಬರಬೇಕು, ಇನ್ನರ್ಧ ಹರಿಯಬೇಕು. ಒಟ್ಟು ಆರು ಸೆಕೆಂಡಿನ ಆಟ. ಕೇಂದ್ರದ ಗಲಾಟೆಯಲ್ಲಿ ಇದಾಗದೆಂದು ಒಂದು ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ, ಬಾಣಂತಿ ಕೂಸನ್ನು ಹಿಡಿದ ಹಾಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಳಿಯಾಳದ ನಮ್ಮ ಮನೆಗೆ ತಂದೆ.

ಕಂಪ್ಯೂಟರಿನೊಳಗಿನ ಬಟ್ಟೆ ಎಂದರೆ ಸಾವಿರಾರು ಚುಕ್ಕಿಗಳು. ಚುಕ್ಕಿಯಿಂದ ಚುಕ್ಕಿಗೆ ಕಣ್ಣಿಗೆ ಕಾಣದ ಒಂದೊಂದು ಸ್ಪ್ರಿಂಗು. ಇಷ್ಟು ಎಳೆದರೆ ಸ್ಪ್ರಿಂಗು ತುಂಡಾಗಬೇಕು ಎಂದು ಲೆಕ್ಕ ಹಾಕಿ ಕೊಟ್ಟಿದ್ದೆ. ಮೊದಲ ಸಲ ಬಟ್ಟೆ ಹರಿಯಲೇ ಇಲ್ಲ, ಕಾದ ಹಂಚಿನಿಂದ ದೋಸೆ ಎದ್ದ ಹಾಗೆ ಇಡಿಯಾಗಿ ಎದ್ದು ಬಂತು. ಲೆಕ್ಕ ಸಡಿಲಿಸಿದೆ. ಈ ಸಲ ಆನೆ ಮುಟ್ಟಿದ್ದೇ ತಡ, ನೂರು ಚೂರಾಗಿ ನೆಲಕ್ಕೆ ಉದುರಿತು. ಅದನ್ನೇ ಸಿ.ಡಿ.ಗೆ ಹಾಕಿ ದಾಂಡೇಲಿಗೆ ಒಯ್ದೆ. ರಾಯರು ನೋಡಿ ಕನ್ನಡಕ ತೆಗೆದರು.

"ಇದು ಅರಿವಿ ಏನ್ರೀ, ಹಪ್ಪಳ ಏನ್ರೀ?"

"ಇನ್ನೊಂದು ಸಲ ನೋಡ್ತೀನಿ ಸರ್."

"ಸೋಮವಾರತನಕ ನೋಡ್ರಿ. ಆಗಲಿಲ್ಲ ಅಂದ್ರ ಪುಣೆಯವರು ಕೆಲಸಾ ವಾಪಸ್ ತಗೋತಾರ. ಆಮ್ಯಾಲ ನೀವು ಮತ್ತ ಖಡು ಹಿಡ್ಕೊಂಡು ಬೋರ್ಡಿನ ಮುಂದ ನಿಂದರೂದ."

ಬೋರ್ಡಿನ ಮುಂದೆ ನಿಲ್ಲಲೂ ಜಾಗವಿರಲಿಲ್ಲ. ಬಿಟ್ಟು ಬಂದ ಮೇಷ್ಟರಗಿರಿಗೆ ಆಗಲೇ ಬೇರೊಬ್ಬರು ಬಂದಿದ್ದರು. ಈ ಕೆಲಸಕ್ಕೆ ಸೇರಬೇಡಿ ಎಂದು ಸುನಂದಾ ಬಾಯಿಬಿಟ್ಟು ಹೇಳಿದ್ದಳು. ಅವಳು ಊರಿನ ಶಾಲೆಯಲ್ಲಿ ಶಿಕ್ಷಕಿ, ಹೇಳಿದ್ದನ್ನು ಮರೆಯುವವಳಲ್ಲ.

ಆ ವಾರವೇ ನಮ್ಮ ಪಡಸಾಲೆಯಲ್ಲಿ ಗಂಗವ್ವ ಕೌದಿ ಹೊಲಿಯುತ್ತಿದ್ದಳು. ಮುಂಡಗೋಡ ಕಡೆಯ ಚಿಗಳ್ಳಿಯವಳು, ಮದುವೆಯಾಗಿ ಹಳಿಯಾಳದ ಪಕ್ಕದ ಕೇರಿಗೆ ಬಂದವಳು. ಗದ್ದೆಯಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಮನೆಮನೆಗೆ ಹೋಗಿ ಹಳೆಯ ಸೀರೆಗಳನ್ನು ಪದರವಾಗಿ ಹಾಸಿ ಹೊಲಿದುಕೊಡುತ್ತಿದ್ದಳು. ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ತ್ರಿಕೋನದ ಹೂ ಕೂಡಿಸದೆ ಮೇಲೆ ಏಳುತ್ತಿರಲಿಲ್ಲ. "ಹೂವಿಲ್ಲದ ಕೌದಿ ಅಂದ್ರ ಬತ್ತಲಿ ಇದ್ದಂಗ್ರಿ" ಎನ್ನುತ್ತಿದ್ದಳು.

ನಾನು ವಿಜ್ಞಾನದ ದಾರಿ ಹಿಡಿದೆ. ಅವಳ ಬಟ್ಟೆಯ ರಾಶಿಯಿಂದ ಒಂದೊಂದನ್ನೇ ಎತ್ತಿ, ಕೈವಾರದ ಮುಳ್ಳಿನಿಂದ ನಟ್ಟನಡುವೆ ತೂತು ಮಾಡಿ, ಎರಡು ಕೈಯಿಂದ ಜಗ್ಗಿ, ಏನಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಬಟ್ಟೆ ಹರಿದರೆ ಸೊಟ್ಟ ಹರಿಯುತ್ತಿತ್ತು, ಇಲ್ಲವಾದರೆ ನಾನು ಬೆವರುತ್ತಿದ್ದೆ. ಗಂಗವ್ವ ಸೂಜಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಸರ, ಆ ಪಂಚಿ ನಿಮಗೇನರ ಅಂತೇನ್ರಿ?"

"ಇಲ್ಲ ಗಂಗವ್ವ, ಬಟ್ಟೆ ಹೇಗೆ ಹರಿಯುತ್ತೆ ಅಂತ ನೋಡ್ತಿದ್ದೀನಿ."

"ಅಯ್ಯ ನನ್ನಪ್ಪಾ! ಇದಕ್ಕ ಸಾಲಿ ಬ್ಯಾರೆ ಕಲ್ತೀರಿ!" ಎನ್ನುತ್ತ ಪಂಚೆ ಕಸಿದುಕೊಂಡು, ಅಂಚನ್ನು ಹಲ್ಲಿನಿಂದ ಚೂರೇ ಚೂರು ಕಚ್ಚಿ ಎಳೆದಳು. ಚರ್ರೆಂದು ಈ ತುದಿಯಿಂದ ಆ ತುದಿಗೆ ಗೆರೆ ಹೊಡೆದ ಹಾಗೆ ಸೀಳಿತು. "ಮೊದಲ ಅಂಚಿನ್ಯಾಗ ಬಾಯಿ ಮಾಡಬೇಕ್ರಿ. ಆಮ್ಯಾಲ ಎಳಿ ಹಿಡದು ತಾನ ಹೊಕ್ಕೈತಿ. ನಡುವ ತೂತು ಹೊಡದ್ರ ಅದಕರ ಹೆಂಗ ದಾರಿ ತಿಳೀಬೇಕು?"

ನಾನು ನೋಟ್‌ಬುಕ್ ಹಿಡಿದು ಅವಳ ಪಕ್ಕದಲ್ಲೇ ನೆಲಕ್ಕೆ ಕೂತೆ. ಸುಲಿಯುವುದು ಹೇಗೆ ಎಂದು ಕೇಳಿದೆ. ಕೌದಿಗೆ ತಪ್ಪಾಗಿ ಕೂಡಿಸಿದ್ದ ಒಂದು ತೇಪೆಯನ್ನು ಮೂಲೆ ಹಿಡಿದು ಎತ್ತಿ ತೋರಿಸಿದಳು. ಹೊಲಿಗೆಗಳು ಟಪ್, ಟಪ್ ಎಂದು ಒಂದಾದ ಮೇಲೆ ಒಂದು ಬಿಟ್ಟವು. "ಒಂದ ಹೊಲಿಗಿ ಹೋತಂದ್ರ ಅದರ ಭಾರ ಬಾಜೂದರ ಮ್ಯಾಲ ಬೀಳತೈತ್ರಿ. ಎಲ್ಲಾ ಕೂಡೇ ಹೋಗೂದಿಲ್ಲ." ನಡುವೆ ಒಂದು ಕಡೆ ತೇಪೆ ನಿಂತುಬಿಟ್ಟಿತು. ಇಲ್ಲೇಕೆ ಎಂದು ಕೇಳಿದರೆ ನಕ್ಕಳು. "ಮಾತಾಡಕೋತ ಹೊಲಿದಲ್ಲಿ ಸಡ್ಲ, ಸಿಟ್ಟಿನ್ಯಾಗ ಹೊಲಿದಲ್ಲಿ ಬಿಗಿ. ಇಲ್ಲಿ ನಮ್ಮ ಅತ್ತಿ ನೆನಪಾಗಿರಬೇಕು."

ನನ್ನ ತಪ್ಪು ಆಗ ತಿಳಿಯಿತು. ನನ್ನ ಸ್ಪ್ರಿಂಗುಗಳೆಲ್ಲ ಒಂದೇ ಬಿಗಿ. ಅದಕ್ಕೇ ಉಳಿದರೆ ಎಲ್ಲ ಉಳಿಯುತ್ತಿದ್ದವು, ಹೋದರೆ ಎಲ್ಲ ಹೋಗುತ್ತಿದ್ದವು. ಅಂಚಿನಲ್ಲಿ ಒಂದು ಬಾಯಿ ಮಾಡಿದೆ. ಹರಕು ಎಳೆ ಹಿಡಿದು ಹೋಗುವಂತೆ ಮಾಡಿದೆ. ಗೋಡೆಯ ಅಂಟನ್ನು ಹೊಲಿಗೆಯೆಂದೇ ತಿಳಿದು, ಅಲ್ಲಲ್ಲಿ ಮಾತು, ಅಲ್ಲಲ್ಲಿ ಅತ್ತೆ ಎಂದು ಬಿಗಿ ಬದಲಿಸಿದೆ. ಸೋಮವಾರ ರಾಯರು ಆ ಆರು ಸೆಕೆಂಡನ್ನು ನಾಲ್ಕು ಸಲ ನೋಡಿ, "ಈಗ ಅರಿವಿ ಆತು ನೋಡ್ರಿ" ಎಂದರು. ಕೆಲಸ ಉಳಿಯಿತು. ಮುಂದೆ ಬಹಳ ವರ್ಷ ನಮ್ಮ ಮನೆ ನಡೆದದ್ದು ಅದರ ಮೇಲೆಯೇ. ಗಂಗವ್ವನನ್ನು ಕರೆದು ಪರದೆಯ ಮೇಲೆ ತೋರಿಸಿದೆ. "ಆನಿ ಶಾಣ್ಯಾ ಐತ್ರಿ. ಅಂಚ ಹಿಡದೈತಿ. ನಿಮ್ಮಂಗ ನಡುವ ಕೈ ಹಾಕಿಲ್ಲ" ಎಂದಳು.

ಇನ್ನು ಹಸಿರು ಸೀರೆ. ನೌಕರಿ ಸೇರಿದ ವರ್ಷ ಸುನಂದಾ ಧಾರವಾಡಕ್ಕೆ ಹೋಗಿ ತಾನೇ ಆರಿಸಿ ತಂದ ಸೀರೆ ಅದು. ಒಗೆದು ಮಡಚಿದ್ದು ಹಳೆಯ ಬಟ್ಟೆಯ ರಾಶಿಯ ಪಕ್ಕದಲ್ಲಿತ್ತು. ಆ ಪಂಚೆ ಹರಿದ ದಿನದ ಸಂಜೆ ಶಾಲೆಯಿಂದ ಬಂದವಳು ಹರಿದ ಸೀರೆ ಎತ್ತಿ ಹಿಡಿದು "ಯಾರು ಹರಿದದ್ದು ಇದು?" ಎಂದಳು. ನನ್ನ ನೆನಪಿನಂತೆ, ಗಂಗವ್ವ ನನಗೆ ಹರಿದು ತೋರಿಸುವಾಗ ಅದೂ ಕೈಗೆ ಬಂದಿತ್ತು. ನಾನು ಬಾಯಿಬಿಟ್ಟು ಹಾಗೆ ಹೇಳಿದೆನೋ, ಬರೀ ಗಂಗವ್ವನ ಕಡೆ ನೋಡಿದೆನೋ ತಿಳಿಯದು. ಗಂಗವ್ವ ಸೂಜಿಯಿಂದ ಕಣ್ಣೆತ್ತದೆ, "ಹೋಗ್ಲಿ ಬಿಡ್ರಿ ಅಕ್ಕಾರ, ಕೌದ್ಯಾಗ ಹಾಕ್ತೇನಿ. ಎಲ್ಲಿ ಹೊಕ್ಕೈತಿ, ನಿಮ್ಮ ಮೈಮ್ಯಾಲ ಇರತೈತಿ" ಎಂದಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಸುನಂದಾ ನಾಲ್ಕು ದಿನ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಗಂಗವ್ವ ನಾಲ್ಕೂ ಮೂಲೆಗೆ ಹೂ ಕೂಡಿಸಿ ಕೌದಿ ಹೊಲಿದು ಮುಗಿಸಿದಳು.

ಆ ಕೌದಿ ಇಂದಿಗೂ ನಮ್ಮ ಹೊದಿಕೆ. ಹೋದ ಚಳಿಗಾಲ ಅದನ್ನು ಬಿಸಿಲಿಗೆ ಹಾಕುವಾಗ ಒಂದು ಮೂಲೆಯ ಹೂ ಸಡಿಲಾಗಿದ್ದು ಕಂಡಿತು. ಕೆಳಗೆ ಹಸಿರು ಇಣುಕುತ್ತಿತ್ತು. ಸಂದೇಹದ ಚಟ ಅಷ್ಟು ವರ್ಷಗಳ ನಿದ್ದೆಯಿಂದ ಎದ್ದು ಕೂತಿತು. ಮೂಲೆ ಹಿಡಿದು ಮೆಲ್ಲನೆ ಎತ್ತಿದೆ. ಟಪ್, ಟಪ್. ಕೊನೆಯ ಹೊಲಿಗೆ ಬಹಳ ಬಿಗಿಯಾಗಿತ್ತು. ಗಂಗವ್ವ ಹರಿದ ತುಂಡುಗಳೆಲ್ಲ ಗೆರೆ ಎಳೆದ ಹಾಗೆ ನೇರ, ಪ್ರತಿಯೊಂದರ ಅಂಚಿನಲ್ಲೂ ಹಲ್ಲಿನ ಗುರುತು. ಹಸಿರು ಸೀರೆಯ ಅಂಚು ಮಾತ್ರ ಇಡಿಯಾಗಿತ್ತು; ಅದರ ಹರಕು ನಟ್ಟನಡುವಿನ ಒಂದು ದುಂಡು ತೂತಿನಿಂದ ಸೊಟ್ಟಸೊಟ್ಟ ಹೊರಟಿತ್ತು, ಮತ್ತು ನನ್ನ ಹಳೆಯ ಕೈವಾರವನ್ನು ಹುಡುಕಿ ತಂದು ಇಟ್ಟು ನೋಡಿದಾಗ ಅದರ ಮುಳ್ಳು ಆ ತೂತಿನಲ್ಲಿ ಸರಿಯಾಗಿ ಕೂತಿತು.