ರಾಗಿ ಕಾರ್ಬ್ ಅಲ್ಲ ಕಣ್ಲಾ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂಬುದು ತಮಿಳುನಾಡಿನ ಗಡಿಯ ಬಾಗಲೂರಿನಲ್ಲಿ ಬಹುಮತದ ಅಭಿಪ್ರಾಯ. ಮೊಬೈಲ್ ನೋಡಿ ನೋಡಿ ಕೆಟ್ಟಿತು ಎಂದು ಬೀದಿಯವರು, ಹೊಸೂರಿನ ಫ್ಯಾಕ್ಟರಿಯ ಹೊಗೆಗೆ ಕೆಟ್ಟಿತು ಎಂದು ನೆಂಟರು. ನಾನು ಎರಡನ್ನೂ ಒಪ್ಪುವುದಿಲ್ಲ. ತಲೆ ಕೆಟ್ಟವರನ್ನು ವಾದದಲ್ಲಿ ಸೋಲಿಸುವುದು ಸುಲಭ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಥವರನ್ನು ಸೋಲಿಸಿಯೇ ನಾನು ಕಪ್ಪುಗಳನ್ನು ಮನೆಗೆ ತಂದದ್ದು. ಈ ಮನುಷ್ಯನನ್ನು ಮಾತ್ರ ಇಷ್ಟು ದಿನವಾದರೂ ಅಲ್ಲಾಡಿಸಲಾಗಿಲ್ಲ ಎಂದ ಮೇಲೆ, ಆ ತಲೆ ಗಟ್ಟಿಯಾಗಿಯೇ ಇರಬೇಕಲ್ಲವೇ?

ಎಲ್ಲ ಶುರುವಾದದ್ದು ಸಕ್ಕರೆ ಕಾಯಿಲೆಯಿಂದ. ಸಕ್ಕರೆ ಹೀಗೇ ಏರುತ್ತಿದ್ದರೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ ಎಂದರು ಡಾಕ್ಟರು. ಬೇರೆಯವರಾಗಿದ್ದರೆ ಪಥ್ಯ ಹಿಡಿಯುತ್ತಿದ್ದರು. ಮಾವ ಸಿದ್ಧಾಂತ ಹಿಡಿದ. ದೇಹಕ್ಕೆ ದೇವರು ಕೊಟ್ಟ ನಿಜವಾದ ಇಂಧನ ಕೊಬ್ಬು. ಕಾರ್ಬೋಹೈಡ್ರೇಟ್ ಎಂಬುದು ನಡುವೆ ಬಂದು ಸೇರಿಕೊಂಡ ಕಲಬೆರಕೆ. ಅವನು ಫ್ಯಾಕ್ಟರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಇಂಧನದ ವಿಷಯದಲ್ಲಿ ಜಗತ್ತು ತನ್ನ ಮಾತು ಕೇಳಬೇಕೆಂಬ ಹಟ ಬೇರೆ.

“ಅನ್ನ ಅಂದ್ರೆ ಒಣಹುಲ್ಲು ಕಣ್ಲಾ. ಭಗ್ ಅಂತ ಉರಿದು ಬೂದಿ ಆಗ್ಬುಡ್ತದೆ. ತುಪ್ಪ ಅಂದ್ರೆ ಹುಣಸೆ ಬೊಡ್ಡೆ. ಸಂಜೆಗಂಟ ಉರೀತದೆ.”

“ಉಪಮೆ ಸಾಕ್ಷಿ ಆಗಲ್ಲ ಮಾವ.”

“ಸಾಕ್ಷಿ ಬೇಕಾದ್ರೆ ಕೋರ್ಟಿಗೆ ಹೋಗು. ಇದು ಅಡಿಗೆಮನೆ.”

ನಾನು ತಾಳ್ಮೆಯಿಂದ ವಿವರಿಸಿದೆ. ಸುಮ್ಮನೆ ಕೂತಾಗ ದೇಹ ಹೆಚ್ಚಾಗಿ ಕೊಬ್ಬನ್ನು ಉರಿಸುತ್ತದೆ, ಬಸ್ಸಿನ ಹಿಂದೆ ಓಡುವಾಗ ಹೆಚ್ಚಾಗಿ ಸಕ್ಕರೆಯನ್ನು, ಎರಡೂ ಬಳಕೆಯಾಗುತ್ತವೆ, ಆದ್ದರಿಂದ ದೇಹಕ್ಕೆ ಯಾವುದು ಹೆಚ್ಚು ಇಷ್ಟ ಎಂಬ ಪ್ರಶ್ನೆಯೇ ತಪ್ಪು. ಮಾವ ಪೂರ್ತಿ ಕೇಳಿಸಿಕೊಂಡು, “ಅದ್ಕೇ ನಾನು ಬಸ್ಸಿನ ಹಿಂದೆ ಓಡಲ್ಲ” ಎಂದ.

ಅಂದಿನಿಂದ ಕಾಫಿಗೆ ಬೆಣ್ಣೆ. ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಜೇಬಿನಿಂದ ಡಬ್ಬಿ ತೆಗೆದು ಒಂದು ಉಂಡೆ ಬೆಣ್ಣೆಯನ್ನು ಲೋಟಕ್ಕೆ ಬಿಡುತ್ತಾನೆ. ಮೇಲೆ ತೇಲುವ ಜಿಡ್ಡನ್ನು ನೋಡಿದ ಅಂಗಡಿಯವನು, “ಅಣ್ಣೇ, ಇದು ಕಾಪಿಯಾ, ಕೊಳಂಬಾ?” ಎಂದು ತಮಿಳಿನಲ್ಲಿ ಕೇಳಿಯೇಬಿಟ್ಟ. ಕೊಳಂಬು ಎಂದರೆ ಸಾರು. ಸಾರಾಗಿದ್ದರೆ ಉಪ್ಪಾದರೂ ಇರುತ್ತಿತ್ತು.

ಇನ್ನು ಬೇರಿಕೆ ಊರಿನ ನೆಂಟರ ಮದುವೆ. ಪೂರಿಯವನನ್ನು, ಅನ್ನದವನನ್ನು, ಲಾಡಿನವನನ್ನು ಕೈ ಅಡ್ಡ ಹಿಡಿದು ಮುಂದಕ್ಕೆ ಕಳಿಸಿದ ಮಾವನ ಮುಖ, ತುಪ್ಪದವನು ಬಂದಾಗ ಅರಳಿತು.

“ಅನ್ನ ಇಲ್ದೆ ಎಲ್ಲಿಗ್ ಹಾಕ್ಲಿ ಸಾರ್?”

ಮಾವ ಬೊಗಸೆ ಒಡ್ಡಿದ. ತೀರ್ಥ ಕೊಡುತ್ತಿದ್ದಾರೆಂದುಕೊಂಡು ಪಕ್ಕದ ಎಲೆಯ ಮುದುಕರೂ ಭಕ್ತಿಯಿಂದ ಕೈ ಚಾಚಿದರು. ಅತ್ತೆ ಮಾತ್ರ ಊಟ ಮುಗಿಯುವವರೆಗೆ ಚಪ್ಪರದ ತೋರಣ ನೋಡುತ್ತ ಕೂತಿದ್ದಳು.

ಇಷ್ಟೇ ಆಗಿದ್ದರೆ ನಾನು ಸಹಿಸುತ್ತಿದ್ದೆ. ಹುಚ್ಚಾದರೂ ಒಂದು ನಿಷ್ಠೆ ಇದೆಯಲ್ಲ ಎಂದು. ಆದರೆ ಇದೇ ಮನುಷ್ಯ ದಿನವೂ ಮನೆಗೆ ಬಂದು ತೆಂಗಿನಕಾಯಿ ಗಾತ್ರದ ರಾಗಿಮುದ್ದೆ ನುಂಗುತ್ತಾನೆ! ಕೇಳಿದರೆ ಉತ್ತರ ಸಿದ್ಧ:

“ಅಕ್ಕಿ ಕಾರ್ಬು. ಗೋಧಿ ಕಾರ್ಬು. ರಾಗಿ ಕಾರ್ಬ್ ಅಲ್ಲ ಕಣ್ಲಾ. ರಾಗಿ ರಾಗಿ.”

ಕಡೆಗೆ ಅತ್ತೆಯೇ ನನ್ನನ್ನು ಕರೆಸಿದಳು. “ದಿನಾ ಮುದ್ದೆ ನುಂಗಿ ಸಕ್ರೆ ಇಳೀಲಿ ಅಂದ್ರೆ ಎಲ್ಲಿಂದ ಇಳೀತದಪ್ಪ? ಸೂಜಿ ಹತ್ರಕ್ಕೆ ಬಂದೈತೆ. ಅಷ್ಟೊಂದು ಕಪ್ಪು ತಂದಿದ್ದೀಯಲ್ಲ, ನಿಮ್ಮಾವನ್ನ ಒಂದ್ಸಲ ಗೆದ್ದು ತೋರ್ಸು.”

ಭಾನುವಾರ ಮಧ್ಯಾಹ್ನಕ್ಕೆ ಪಂದ್ಯ ಗೊತ್ತಾಯಿತು. ಸಕ್ಕರೆ ನೋಡುವ ಅವನದೇ ಯಂತ್ರ. ಉಣ್ಣುವ ಮೊದಲು ಒಂದು ಸಲ, ಉಂಡು ಎರಡು ಗಂಟೆಗೆ ಇನ್ನೊಂದು ಸಲ. ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಬೇರೇನೂ ಇಲ್ಲ. ಅಂಕಿ ಏರಿದರೆ ರಾಗಿಯೂ ಕಾರ್ಬು, ಮುದ್ದೆ ಬಂದ್.

ಮುದ್ದೆ ಕಟ್ಟಿದವಳು ಅಜ್ಜಿ, ಮಾವನ ತಾಯಿ. ಈಚೆಗೆ ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಅಡಿಗೆಮನೆಯ ಕೆಲಸಗಳು ಒಂದೊಂದಾಗಿ ಕೈ ಬಿಟ್ಟುಹೋಗಿ ಇದೊಂದು ಉಳಿದಿದೆ: ಅತ್ತೆ ಕೋಲಿನಿಂದ ತಿರುವಿ ಮಣೆಗೆ ಸುರಿದ ಬಿಸಿ ಹಿಟ್ಟನ್ನು ಒದ್ದೆ ಕೈಯಲ್ಲಿ ಉಂಡೆ ಮಾಡುವುದು. ಆಮೇಲೆ ಗೋಡೆಗೆ ಒರಗಿ ಕೂತು, “ತಿಂದ್ಯಾ ಮಗಾ?” ಎಂದು ಕೇಳುವುದು.

ಮಾವ ತಿಂದ. ಎರಡು ಗಂಟೆ ಕಳೆಯಿತು. ಬೆರಳಿಗೆ ಚುಚ್ಚಿದೆವು. ಅಂಕಿ ಎಗರಿ ಕೂತಿತ್ತು.

ನಾನು ಯಂತ್ರವನ್ನು ಎತ್ತಿ ಹಿಡಿದೆ. ಅತ್ತೆ ನೋಡಿದಳು. ಮಾವ ನೋಡಿದ.

“ಏನಂತದ್ಲಾ ಮಿಷನ್ನು?” ಎಂದಳು ಗೋಡೆಯ ಪಕ್ಕದಿಂದ ಅಜ್ಜಿ.

ನಾನು ಬಾಯಿ ತೆರೆಯುವ ಮೊದಲೇ ಮಾವ ಯಂತ್ರವನ್ನು ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡ.

“ಇಳ್ದೈತೆ ಕಣವ್ವ. ನಿನ್ ಮುದ್ದೆ ತಿಂದಿದ್ಕೇ ಇಳ್ದೈತೆ.”

“ನಂಗೊತ್ತಿತ್ತು. ಸಂಜೆಗೆ ಇನ್ನೊಂಚೂರು ದಪ್ಪ ಕಟ್ತೀನಿ ಬುಡು” ಎಂದು ಅಜ್ಜಿ ಎರಡೂ ಕೈಗಳನ್ನು ಉಜ್ಜಿಕೊಂಡಳು.

ನಾನು ನ್ಯಾಯಕ್ಕಾಗಿ ಅತ್ತೆಯ ಕಡೆ ನೋಡಿದೆ. ನನ್ನನ್ನು ಕರೆಸಿದವಳು ಅವಳೇ ತಾನೆ? ಅವಳು ಎದ್ದು ಹೋಗಿ ಸಂಜೆಯ ಮುದ್ದೆಗೆ ರಾಗಿಹಿಟ್ಟಿನ ಡಬ್ಬ ಕೆಳಗಿಳಿಸಿದಳು.

ಮಾವ ಹೊರಗೆ ಬಂದು, ಆ ಉರಿಬಿಸಿಲಿನಲ್ಲಿ ಚಪ್ಪಲಿ ಮೆಟ್ಟಿ, “ಒಂದ್ ಸುತ್ತು ಬಿರ್‍ರನೆ ನಡ್ಕೊಂಡ್ ಬತ್ತೀನಿ” ಎಂದು ಹೊರಟ. ನಾನು ಗೇಟಿನವರೆಗೆ ಅವನ ಹಿಂದೆಯೇ ಹೋದೆ.

“ಮಾವ, ಅನ್ನ, ದೋಸೆ, ಚಪಾತಿ ಎಲ್ಲಾ ಬಿಟ್ಟಿದ್ದು ಅಜ್ಜಿ ಕಟ್ಟೋ ಈ ಒಂದು ಮುದ್ದೆಗೆ ಜಾಗ ಮಾಡೋಕಾ?”